ಡೀಸೆಲ್ ಟ್ಯಾಂಕಿನ ಮುಚ್ಚಳ

ಇವತ್ತು ಬೆಳಿಗ್ಗೆ ಹಬ್ಬುವಾಡದ ನಮ್ಮ ಮನೆಯೆದುರು ಚಿರೆಕಲ್ಲು ಹೇರಿಕೊಂಡು ಬಂದ ಟ್ರ್ಯಾಕ್ಟರೊಂದು ಕೆಮ್ಮಿ ಕೆಮ್ಮಿ ನಿಂತಿತು. ಡೀಸೆಲ್ ವಾಸನೆ ಅಡುಗೆಮನೆಯವರೆಗೂ ಬಂತು. ನಿಮಗೆ ಅದರಿಂದ ತಲೆನೋವು ಬಂದೀತು. ನನಗೆ ಬೆಳಂಬಾರದ ಅತ್ತೆಮನೆಯ ಅಂಗಳ ನೆನಪಾಗುತ್ತದೆ.

ಅಲ್ಲಿ ಮಾವನ ಹಳೆಯ ಟ್ರ್ಯಾಕ್ಟರ್ ನಿಲ್ಲುತ್ತಿತ್ತು. ಕಾನ್ವೆಂಟಿನಲ್ಲಿ ಕಲಿತ ನನಗೆ ಟ್ರ್ಯಾಕ್ಟರ್ ಬಗ್ಗೆ ಗೊತ್ತಿದ್ದದ್ದು ಅದರ ಹಿಂದಿನ ಚಕ್ರ ದೊಡ್ಡದು ಎಂಬುದಷ್ಟೆ. ಮಾವ ತೀರಿಕೊಂಡ ಮೇಲೆ ಅತ್ತೆ ಪ್ರತಿ ಶುಕ್ರವಾರ ಅದಕ್ಕೆ ಪೂಜೆ ಮಾಡುತ್ತಿದ್ದರು. ಸ್ಟೇರಿಂಗಿಗೆ ಹೂವು, ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕೆ ನೀರಲ್ಲಿ ಕಲಸಿದ ಕುಂಕುಮ. ಮುಚ್ಚಳಕ್ಕೇ ಯಾಕೆ ಎಂದು ನಾನು ಕೇಳಿರಲಿಲ್ಲ.

ಒಂದು ವರ್ಷ ಸರಿಯಾಗಿ ಉಳುವ ಹೊತ್ತಿಗೇ ಅದು ಕೈಕೊಟ್ಟಿತು. ಸ್ಟಾರ್ಟ್ ಆಗುತ್ತದೆ, ಗದ್ದೆಗೆ ಇಳಿಯುತ್ತದೆ, ಸ್ವಲ್ಪ ಹೊತ್ತಿಗೆ ನಿಂತುಬಿಡುತ್ತದೆ. ನಮ್ಮವರು ಫಿಲ್ಟರ್ ಬದಲಿಸಿದರು, ಪೈಪ್ ಬಿಚ್ಚಿ ಊದಿದರು, ಬೋಲ್ಟ್ ಸಡಿಲಿಸಿ ಒಳಗಿನ ಗಾಳಿ ಹೊರಗೆ ಬಿಟ್ಟರು. ಮತ್ತೆ ಅದೇ ಕತೆ.

"ಸಾಕಾಯ್ತು ಆಯೀ, ಇದನ್ನ ಗುಜರಿಗೆ ಕೊಡೂದೇ," ಎಂದು ತಾಯಿಗೆ ಹೇಳಿದರು.

ಮೆಟ್ಟಿಲ ಮೇಲೆ ಕೂತಿದ್ದ ಅತ್ತೆ, "ನನ್ನನ್ನೂ ಅದ್ರ ಮೇಲೇ ಕೂರ್ಸಿ ಕಳ್ಸು ಹಾಗಾದ್ರೆ," ಎಂದರು. ಮುಖದಲ್ಲಿ ನಗುವಿರಲಿಲ್ಲ.

ನನ್ನ ಕೆಲಸ ಮಳೆಯಲ್ಲಿ ನಮ್ಮವರಿಗೆ ಕೊಡೆ ಹಿಡಿಯುವುದು. ಡೀಸೆಲ್ ಎಷ್ಟಿದೆ ಎಂದು ನೋಡಲು ಅವರು ಮುಚ್ಚಳ ತೆಗೆದಾಗಲೆಲ್ಲ 'ಸುಸ್' ಎಂದು ಗಾಳಿ ಎಳೆದುಕೊಂಡ ಸದ್ದು.

"ರೀ, ಪ್ರತಿ ಸಲ ಅದು ಉಸಿರು ಎಳೀತದೆ."

"ಕಾನ್ವೆಂಟಲ್ಲಿ ಇದನ್ನೂ ಕಲಿಸಿದ್ರಾ?" ಎಂದು ನಕ್ಕವರು ತಟ್ಟನೆ ಮುಚ್ಚಳ ತಿರುಗಿಸಿ ನೋಡಿದರು. ಡೀಸೆಲ್ ಕಡಿಮೆಯಾದಂತೆ ಟ್ಯಾಂಕಿನೊಳಗೆ ಗಾಳಿ ಹೋಗಲೆಂದು ಅದರಲ್ಲೊಂದು ಸಣ್ಣ ತೂತು ಇರುತ್ತದಂತೆ. ಆ ತೂತಿನ ತುಂಬ ಕುಂಕುಮ ಒಣಗಿ ಕಲ್ಲಾಗಿತ್ತು. ಪಿನ್ನಿನಿಂದ ಕೆದಕಿದ ಮೇಲೆ ಟ್ರ್ಯಾಕ್ಟರ್ ಸಂಜೆಯವರೆಗೂ ನಿಲ್ಲದೆ ಉತ್ತಿತು.

"ಆಯೀ, ನಿನ್ನ ಪೂಜೆನೇ ಇದ್ರ ಉಸ್ರು ಕಟ್ಸಿದ್ದು!" ಇವರು ಖುಷಿಯಲ್ಲಿ ಹೇಳಿದ್ದು. ಅತ್ತೆ ಎದ್ದು ಒಳಗೆ ಹೋದರು.

ಮುಂದಿನ ಶುಕ್ರವಾರ ಕುಂಕುಮದ ಬಟ್ಟಲು ದೇವರ ಮುಂದೆಯೇ ಉಳಿಯಿತು. ಯಾಕೆ ಎಂದು ಕೇಳಿದೆ.

"ಗದ್ದೆಗೆ ಹೊರಡೂ ಮುಂಚೆ ನಿನ್ನ ಮಾವ ಆ ಮುಚ್ಚಳ ಮುಟ್ಟಿಯೇ ಹೋಗೂದು. ದಿನಾ ಕುಂಕುಮ ಇಟ್ಟ ಕೈ ಇದು, ತಂಗೀ. ನನ್ನ ಹಣೆಗೆ ಇಡೂಕಾಗೂದಿಲ್ಲ. ಅದ್ಕಾದ್ರೂ ಇಡ್ತಿದ್ದೆ. ಅದೂ ತಪ್ಪಾಯ್ತಲ."

ನಾನು ಹಣೆಯ ಸ್ಟಿಕ್ಕರ್ ಕಿತ್ತು ಅವರ ಮುಂದೆ ಬಗ್ಗಿದೆ. "ನನಗೆ ಇಡಿ."

"ನನ್ನ ಕೈಯಿಂದ್ಲಾ? ಹುಚ್ಚು ಹಿಡೀತಾ ನಿಂಗೆ? ಕಂಡವ್ರು ಎಂತಾ ಹೇಳೂದು!"

"ಇಡೂದು ಕಂಡವರ ಹಣೆಗಲ್ಲವಲ್ಲ, ಅತ್ತೆ."

ಬೆರಳು ತುಂಬ ಹೊತ್ತು ಬಟ್ಟಲಿನ ಮೇಲೆಯೇ ನಿಂತಿತ್ತು. ಆಮೇಲೆ ತಣ್ಣಗೆ ನನ್ನ ಹಣೆ ಮುಟ್ಟಿತು.

ಈಗ ಅತ್ತೆ ನಮ್ಮ ಜೊತೆಗೇ ಇದ್ದಾರೆ. ಟ್ರ್ಯಾಕ್ಟರ್ ಇನ್ನೂ ಬೆಳಂಬಾರದಲ್ಲಿ ಉಳುತ್ತಿದೆ. ಅತ್ತೆಯ ಕಣ್ಣು ಮಂಜಾಗಿದೆ, ಕೈ ನಡುಗುತ್ತದೆ, ನನಗಿಡುವ ಬೊಟ್ಟು ಒಮ್ಮೊಮ್ಮೆ ಹುಬ್ಬಿನ ಮೇಲೇ ಬೀಳುತ್ತದೆ. ಇಷ್ಟು ದಿನ ಅವರಿಗೆ ಕಾಣದ ಹಾಗೆ ಕನ್ನಡಿಯೆದುರು ಅದನ್ನು ಒರೆಸಿ ಸರಿಮಾಡಿಕೊಳ್ಳುತ್ತಿದ್ದೆ. ಇವತ್ತು ಹಾಗೇ ಬಿಟ್ಟೆ. ಚೀಲ ಹಿಡಿದು ಪೇಟೆಗೆ ಹೊರಟೆ.