ಹಣೆ ಒಲ್ಲದ ವಿಭೂತಿ

ಉದಗೀರದ ವ್ಯಾಪಾರಿ ಅಮರನಾಥ ಸೇಠರ ಕನ್ನಡಕದ ಮೇಲೆ ನಾನು ಮೂರು ಬೆರಳಿನಿಂದ ವಿಭೂತಿ ಬಳಿದದ್ದು ಭಕ್ತಿಯಿಂದಲ್ಲ, ಗುರಿ ತಪ್ಪಿ.

ಉಮರ್ಗಾದಲ್ಲಿ ನಮ್ಮಕ್ಕನ ಗಂಡ ಗುರುಲಿಂಗಪ್ಪನವರ ಬೇಳೆ ಮಿಲ್ಲು ಇದೆ. ಅಲ್ಲಿ ನಾನು ಮ್ಯಾನೇಜರ್. ಅಂದರೆ, ಬೇರೆಲ್ಲೂ ಕೆಲಸ ಸಿಗದ ಭಾವಮೈದುನ. ಅವರನ್ನು ನಾನು ದಾಜಿ ಎನ್ನುತ್ತೇನೆ. ದಿನಾ ಬೆಳಿಗ್ಗೆ ಯಂತ್ರ ಶುರುವಾಗುವ ಮೊದಲು ಪೂಜೆ. ಪೂಜೆಯಾದ ಮೇಲೆ ಹಮಾಲರಿಂದ ಹಿಡಿದು ಗಿರಾಕಿಗಳವರೆಗೆ ಎಲ್ಲರ ಹಣೆಗೂ ದಾಜಿ ತಮ್ಮ ಕೈಯಾರೆ ವಿಭೂತಿ ಹಚ್ಚುತ್ತಾರೆ. ಆ ದಿನ ಅವರು ನಿಲಂಗಾಕ್ಕೆ ಮದುವೆಗೆ ಹೋಗಿದ್ದರಿಂದ ಬಟ್ಟಲು ನನ್ನ ಕೈಗೆ ಬಂದಿತ್ತು. ಬೇಳೆ ಪರೀಕ್ಷಿಸುವ ನಮ್ಮ ಅಮೋಘಸಿದ್ಧನ ಹಣೆಗೆ ಕೈ ಚಾಚಿದೆ. ಅವನು ಗಕ್ಕನೆ ಕೂತುಬಿಟ್ಟ. ಹಿಂದೆ ನಿಂತಿದ್ದವರು ಸೇಠರು.

“ಛಲೋ ಆತು ಬಿಡ್ರಿ, ನನ್ನ ಚಷ್ಮಾಕ್ಕ ದೀಕ್ಷಾ ಆತು,” ಎಂದರು ಸೇಠರು, ಗಾಜು ಒರೆಸುತ್ತ. ಹಮಾಲರು ಚೀಲಗಳ ಮರೆಗೆ ಹೋಗಿ ನಕ್ಕರು.

ಅಮೋಘಸಿದ್ಧ ಗುಂಜೋಟಿಯವನು. ಕುರಿ ಸಾಕುವ ಮನೆತನ, ವಯಸ್ಸು ಇಪ್ಪತ್ತೆಂಟು. ಬೇಳೆಯನ್ನು ತಾಟಿನಲ್ಲಿ ಹರವಿ, ಗುಣ ನೋಡಿ, ಅದು ಮೊದಲನೇ ನಂಬರೋ ಎರಡನೇ ನಂಬರೋ ಎಂದು ಹೇಳುವುದು ಅವನ ಕೆಲಸ. ಅವನು ಹೇಳಿದ್ದು ಈ ತನಕ ತಪ್ಪಿಲ್ಲ. ನಾನು ಹೇಳಿದ್ದನ್ನು ಈ ತನಕ ಯಾರೂ ಕೇಳಿಲ್ಲ. ತನಗೆ ಆಟಿಸಂ ಇದೆಯೆಂದು ಡಾಕ್ಟರು ಬರೆದುಕೊಟ್ಟ ಕಾಗದವನ್ನು ಅವನು ಕೆಲಸಕ್ಕೆ ಸೇರಿದ ದಿನವೇ ತಂದಿದ್ದ. ದಾಜಿಯ ಮಗಳು ಸ್ನೇಹಲ ಅದನ್ನು ಓದಿ ಕೆಲವು ಅನುಕೂಲ ಮಾಡಿಸಿದಳು: ಕಿವಿಗೆ ಸದ್ದು ತಡೆಯುವ ಮುಚ್ಚಳ, ಮೂಲೆಯಲ್ಲಿ ಪರದೆ, ಕೂಗಿ ಹೇಳುವ ಬದಲು ಮರಾಠಿಯಲ್ಲಿ ಚೀಟಿ. ನಮ್ಮ ಕಡೆ ಬರೆಯುವುದು ಮರಾಠಿ, ಬೈಯುವುದು ಕನ್ನಡ. ಎಲ್ಲ ಸುರಳೀತ ನಡೆದಿತ್ತು. ಆದರೆ ಪೂಜೆ ಮುಗಿದ ಮೇಲೆ ಬರುತ್ತಿದ್ದ ಅವನ ಬಸ್ಸು, ವೇಳೆ ಬದಲಾಗಿ, ಈಗ ಪೂಜೆಗೇ ಸರಿಯಾಗಿ ಬರತೊಡಗಿತ್ತು.

ಮರುದಿನ ದಾಜಿ ಹಚ್ಚಲು ಹೋದರು. ಆಗಲೂ ಕೂತ. ದಾಜಿಯ ಮುಖ ಸಣ್ಣದಾಯಿತು.

“ಪರದೆ ಕೊಟ್ಟೆ, ಚೀಟಿ ಬರದು ಕೊಟ್ಟೆ. ಶಿವನ ವಿಭೂತಿನೂ ಒಲ್ಲೆ ಅಂದ್ರ ಹ್ಯಾಂಗ? ಸೋಮವಾರ ಹಚ್ಚಗೋಬೇಕು. ಇಲ್ಲಂದ್ರ ಬ್ಯಾರೆ ಕಡಿ ಕೆಲಸ ನೋಡಕೊಳ್ಳಲಿ.”

“ಪಪ್ಪಾ, ಅಂವಗ ಮುಟ್ಟಿದ್ರ ತಡಿಯಂಗಿಲ್ಲ.”

“ನಾ ಎಲ್ಲಿ ಹೊಡೀಲಿಕತ್ತೀನವ್ವಾ? ಹಚ್ಚಲಿಕತ್ತೀನಿ.”

ನನಗೂ ಏನೂ ತಿಳಿಯಲಿಲ್ಲ. ಆದರೆ ತಿಳಿಯದಿದ್ದಾಗ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಅವನು ಕುರಿಗಾರರ ದೇವರು ಬೀರಪ್ಪನ ಒಕ್ಕಲು, ನಮ್ಮ ವಿಭೂತಿ ಒಲ್ಲದಿದ್ದರೆ ತನ್ನ ದೇವರ ಭಂಡಾರವನ್ನಾದರೂ ಹಚ್ಚಿಕೊಂಡಾನು ಎಂದುಕೊಂಡು, ಬೀರಪ್ಪನ ಗುಡಿಯಿಂದ ಒಂದು ಪೊಟ್ಟಣ ಅರಿಶಿನದ ಭಂಡಾರ ತಂದೆ. ನನ್ನ ಹಳದಿ ಬೆರಳು ನೋಡಿ ಅಮೋಘಸಿದ್ಧ ಹಿಂದೆ ಸರಿದ. ಗೋಡೆ ಬಂತು. ಕಣ್ಣು ಮುಚ್ಚಿ, ಎರಡೂ ಕೈಯಿಂದ ಹಣೆ ಮರೆಮಾಡಿಕೊಂಡು ಅಲ್ಲೇ ಕೂತ. ಆ ದಿನವೆಲ್ಲ ಅವನು ಪರದೆಯ ಹೊರಗೆ ಬರಲಿಲ್ಲ. ನಾನು ಬೆರಳು ತೊಳೆದೆ, ತೊಳೆದೆ. ಅರಿಶಿನ ಬೇಗ ಹೋಗುವುದಿಲ್ಲ.

ಸೋಮವಾರ ಅವನ ತಾಯಿ ತುಳಜಾಬಾಯಿಯೂ ಬಂದರು.

“ಸಾಹೇಬ್ರ, ಭಂಡಾರ ತಂದಿದ್ರಂತ? ಮನ್ಯಾಗೂ ಹಚ್ಚಗೊಳ್ಳಂಗಿಲ್ರೀ ಅಂವಾ. ಇಪ್ಪತ್ತೆಂಟು ವರ್ಷ ಆತು, ನಮ್ಮ ಬೀರಪ್ಪ ಏನೂ ಅಂದಿಲ್ಲ. ನಿಮ್ಮ ದೇವರು ಭಾಳ ಸಿಟ್ಟಿನವನೇನ್ರಿ?”

ದೇವರ ಪರವಾಗಿ ಉತ್ತರಿಸುವ ಅಧಿಕಾರ ಮ್ಯಾನೇಜರನಿಗಿಲ್ಲ. ದಾಜಿ ಬಟ್ಟಲು ಹಿಡಿದೇ ನಿಂತಿದ್ದರು. ಆಗ ಸ್ನೇಹಲ ಒಂದು ಚೀಟಿ ಬರೆದು ಅಮೋಘಸಿದ್ಧನ ಮುಂದಿಟ್ಟಳು: ‘ವಿಭೂತಿ ಹಚ್ಚಿದರೆ ನಿನಗೆ ಏನಾಗುತ್ತದೆ?’

ಅವನು ಅದರ ಕೆಳಗೆ ಬರೆದ: ‘ದಿನವಿಡೀ ಹಣೆಯ ಮೇಲೆ ಇರುವೆ ಹರಿದ ಹಾಗಾಗುತ್ತದೆ. ಬೇಳೆ ಕಾಣುವುದಿಲ್ಲ.’

ದಾಜಿ ಎರಡು ಸಲ ಓದಿದರು. ತಮ್ಮ ಹಣೆಯನ್ನು ಮುಟ್ಟಿ ನೋಡಿಕೊಂಡರು, ಇರುವೆ ಸಿಕ್ಕಂತಿರಲಿಲ್ಲ. ನನ್ನ ಮುಖ ನೋಡಿದರು. ಅಲ್ಲೂ ಏನೂ ಸಿಗಲಿಲ್ಲ. ಕೊನೆಗೆ ಅವನ ಸ್ಟೀಲಿನ ತಾಟಿನತ್ತ ಬೆರಳು ಮಾಡಿದರು. ತಕ್ಕಡಿಗೆ, ಯಂತ್ರಕ್ಕೆ ಹಚ್ಚುವುದು ಹೇಗೂ ಇದ್ದದ್ದೇ.

“ಹಣಿ ಬಿಡು. ಈ ತಾಟಿಗೆ ಹಚ್ಚಿದ್ರ ನಡೀತದೇನಪಾ?”

ಅಮೋಘಸಿದ್ಧ ತಾಟನ್ನು ತಿರುಗಿಸಿ ನೋಡಿದ.

“ತೆಳಗ ಹಚ್ಚರಿ, ಮಾಲಕರ. ಮ್ಯಾಲ ಹಚ್ಚಿದ್ರ ಬ್ಯಾಳಿ ಎರಡನೇ ನಂಬರ್ ಆಗ್ತದ.”