ಎಡಗಾಲಿನ ಔಷಧಿ

ಕಟ್ಟೆಮಳಲವಾಡಿಯ ನಮ್ಮ ಪಕ್ಕದ ಮನೆ ದೊಡ್ಡವ್ವ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಒದ್ದರೆ ಸೊಂಟದ ಉಳುಕು ಬಿಡುತ್ತದೆ ಎಂಬುದು ಊರಿನ ನಂಬಿಕೆ. ಬಗ್ಗಿ ಬಗ್ಗಿ ಹೊಗೆಸೊಪ್ಪು ಮುರಿದು ಸೊಂಟ ಹಿಡಿದವರೆಲ್ಲ ಅವಳ ಜಗಲಿಯಲ್ಲಿ ಬೋರಲು ಮಲಗುತ್ತಿದ್ದರು. ಎಡಗಾಲಲ್ಲಿ ಒಂದು ಒದ್ದು, "ಓಯ್ತು ಬುಡು, ಏಳ್ಲಾ" ಎನ್ನುತ್ತಿದ್ದಳು. ನೋವು ಹೋಗದಿದ್ದರೆ ಅದು ಮಲಗಿದವನ ತಪ್ಪು.

ಒಮ್ಮೆ ಅವಳದೇ ಸೊಂಟ ಹಿಡಿದು ನೋವು ಕಾಲಿಗಿಳಿಯಿತು. ತನ್ನನ್ನು ತಾನೇ ಒದೆಯಲಾಗದ ಮಹಾವೈದ್ಯೆ ಸದ್ದಿಲ್ಲದೆ ಹುಣಸೂರಿನ ಡಾಕ್ಟರ ಬಳಿ ಹೋದಳು. ದಿನವೂ ಕಾಲು ಎತ್ತಿ ಇಳಿಸುವ ವ್ಯಾಯಾಮ ಮಾಡಲು ಅವರು ಹೇಳಿದರು.

ಮರುದಿನ ಬೆಳಿಗ್ಗೆಯೇ ನನಗೆ ಕರೆ ಬಂತು. "ಬಾರ್ಲಾ, ಮನೀಕೊ."

"ನಂಗೇನೂ ಆಗಿಲ್ಲ ಕಣವ್ವ."

"ಆಗೋಕ್ ಮುಂಚೆ ಒದುಸ್ಕೊಂಡ್ರೆ ಒಳ್ಳೇದು ಕಣ್ಲಾ."

ದಿನಾ ಒದ್ದೂ ಒದ್ದೂ ಅವಳ ನೋವು ಪೂರ್ತಿ ವಾಸಿಯಾಯಿತು. ನನ್ನದು ಶುರುವಾದದ್ದು ಆಗಲೇ.