ಮೋಡಕಾ ಅಂದರೆ ಕೆರಳುತ್ತಿದ್ದ ಕಾಕಾ

ಪಕ್ಕದ ಮನೆಯ ಕಾಕಾ ಅವರ ಬಲಗೈ ತೋರುಬೆರಳು ಮೊದಲ ಗೆಣ್ಣಿಗೇ ಮುಗಿದಿತ್ತು. ಊರ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಲೇತ್ ಮಷಿನ್ ಕಚ್ಚಿಕೊಂಡು ಹೋದದ್ದು. ಹಾಗಾಗಿ ಮೌಸನ್ನು ನಡುಬೆರಳಿನಿಂದ ಒತ್ತುತ್ತಿದ್ದರು. ನಿವೃತ್ತರಾದ ಮೇಲೆ, ಲಕಮನಹಳ್ಳಿಯ ನಮ್ಮ ಓಣಿಯಲ್ಲಿ ಕೆಟ್ಟ ಮಿಕ್ಸರ್, ಕಂಪ್ಯೂಟರ್ ಎಲ್ಲ ಅವರ ಮುಂದೆಯೇ ಬಂದು ಕೂರುತ್ತಿದ್ದವು. ಯಾರಾದರೂ "ಮೋಡಕಾಕ್ಕ ಹಾಕ್ರಿ ಇದನ್ನ" ಎಂದು ಗುಜರಿಯ ಮಾತೆತ್ತಿದರೆ ಸಾಕು, ಕೆರಳುತ್ತಿದ್ದರು. "ಬಿಚ್ಚಿ ನೋಡೀರೇನು? ನೋಡದ ಹೆಂಗ ಅಂತೀರಿ?"

ಮಗು ಹುಟ್ಟಿದ ಮೇಲೆ ನಾನು ಅದೇ ಕಾರ್ಖಾನೆಗೆ ಬಿಡಿಭಾಗಗಳ ಡ್ರಾಯಿಂಗ್‌ಗಳನ್ನು ಮನೆಯಿಂದಲೇ ಮಾಡಿಕೊಡುತ್ತಿದ್ದೆ. ದೊಡ್ಡ ಡ್ರಾಯಿಂಗ್ ತೆರೆದರೆ ಕಂಪ್ಯೂಟರ್ ಹ್ಯಾಂಗ್. ಮಾಲಕರು ಫೋನಿನಲ್ಲಿ ಮೆತ್ತಗೇ ಹೇಳಿದರು: "ಹೊಸಾದು ತಗೋರಿ. ಇಲ್ಲಾಂದ್ರ ಸೋಮವಾರದಿಂದ ಬ್ಯಾರೇದವರಿಗೆ ಕೊಡ್ತೇವಿ." ಹೊಸದರ ಮಾತೆತ್ತಿದರೆ ಅತ್ತೆ ಕೆಲಸವನ್ನೇ ಬಿಡು ಎನ್ನುವವರು. ನಾನು ಬಿಡುವವಳಲ್ಲ. ಕಾಕಾ ಅವರನ್ನು ಕರೆದೆ.

ಪರದೆಯ ಮೇಲೆ ಬಂದ ಸಂದೇಶವನ್ನು ನಾನು ಎಂದಿನಂತೆ ಓದದೆ ಮುಚ್ಚಲು ಹೋದಾಗ ಕಾಕಾ ಕೈ ತಡೆದರು. "ಮಷಿನ್ ಮಾತಾಡಿದ್ರ ಕೇಳಬೇಕವಾ, ಬಾಯಿ ಮುಚ್ಚಸಬಾರ್ದು." ವರ್ಚುವಲ್ ಮೆಮೊರಿ ಸಾಲದು ಎಂದಿತ್ತು ಅದು. "ಮನಿ ತುಂಬ ಬೀಗರು ಬಂದ್ರ ಕಟ್ಟಿ ಮ್ಯಾಲ ಹಾಸಗಿ ಹಾಸ್ತೇವಲ್ಲ? ಹಂಗ, ಮೆಮೊರಿ ತುಂಬಿದ್ರ ಇದು ಡಿಸ್ಕಿನ್ಯಾಗ ಜಾಗಾ ಹುಡುಕ್ತೈತಿ. ಅಲ್ಲಿ ನೀ ಏನ ತುಂಬೀದಿ?"

ನನ್ನ ಮದುವೆಯ ವಿಡಿಯೊ ತುಂಬಿದ್ದೆ. ತವರಿನವರು ತೆಗೆಸಿದ್ದೊಂದು, ಗಂಡನ ಮನೆಯವರು ತೆಗೆಸಿದ್ದೊಂದು. ಎರಡರ ಸಿಡಿಗಳೂ ತಿಜೋರಿಯಲ್ಲಿ ಭದ್ರವಾಗಿದ್ದವು. ಆದರೂ ಅತ್ತೆ ಅಡ್ಡ ಬಂದರು: "ಲಗ್ನದ್ದು ಅಳಸಬಾರ್ದರಿ, ಅಪಶಕುನ."

"ಲಗ್ನ ಆಗಿ ಹೋಗೈತ್ರಿ," ಅಂದರು ಕಾಕಾ. "ವಿಡಿಯೊ ಅಳಿಸಿದ್ರ ನಿಮ್ಮ ಮಗಾ ಅಳಿಸಿ ಹೋಗಂಗಿಲ್ಲ."

ಅತ್ತೆ ನೋಡುತ್ತಿದ್ದಂತೆಯೇ ಎರಡನ್ನೂ ನಾನೇ ಅಳಿಸಿದೆ. ಆಮೇಲೆ ಕಾಕಾ ಸೆಟ್ಟಿಂಗ್ ತೆರೆಸಿ, ಡಿಸ್ಕಿನ ಆ ಜಾಗದ ಅಳತೆಯನ್ನು ಕಂಪ್ಯೂಟರ್ ತಾನೇ ನಿರ್ಧರಿಸುವುದನ್ನು ತಪ್ಪಿಸಿ, ಕನಿಷ್ಠ, ಗರಿಷ್ಠ ಎರಡನ್ನೂ ನನ್ನ ಕೈಯಿಂದಲೇ ಹಾಕಿಸಿದರು. ಬಂದ್ ಮಾಡಿ ಮತ್ತೆ ಶುರು ಮಾಡಿದೆವು. ಡ್ರಾಯಿಂಗ್ ತೆವಳುತ್ತ ತೆರೆಯಿತು, ಆದರೆ ನಿಲ್ಲಲಿಲ್ಲ. "ಲಗೂ ಓಡಂಗಿಲ್ಲವಾ. ಬೀಳಂಗೂ ಇಲ್ಲ," ಅಂದರು ಕಾಕಾ. ಭಾನುವಾರ ಸಂಜೆಯೇ ಕೆಲಸ ಮುಗಿಸಿ ಕಳಿಸಿದೆ.

ಹೋದ ವರ್ಷ ಕಾಕಾ ತೀರಿಕೊಂಡರು. ಮಣ್ಣು ಕೊಡಲು ಬಂದಿದ್ದ ಕಾರ್ಖಾನೆಯ ಮಾಲಕರು, "ವಯಸ್ಸಾಗಿತ್ತು ಬಿಡ್ರಿ" ಎಂದರು. ಎಲ್ಲರೂ ತಲೆಯಾಡಿಸಿದರು. ನನಗದು ಮೋಡಕಾ ಅಂದಂತೆಯೇ ಕೇಳಿಸಿ ಸಿಟ್ಟು ಬಂತು. "ವಯಸ್ಸಿನ ಮಾತು ಬ್ಯಾಡ್ರಿ. ನಾ ಇವತ್ತಿಗೂ ನಿಮ್ಮ ಕೆಲಸಾ ಮಾಡಾಕತ್ತೇನಿ ಅಂದ್ರ ಅದು ಇವರಿಂದ," ಎಂದು ಅಲ್ಲೇ, ಅವರ ಮುಖಕ್ಕೇ ಹೇಳಿದೆ. ಅತ್ತೆ ಹಿಂದಿನಿಂದ ನನ್ನ ಸೆರಗು ಜಗ್ಗಿದರು. ನಾನು ಇನ್ನೊಮ್ಮೆ ಹೇಳಿದೆ.